ಮಕ್ಕಳ ಅಂಗಿಗೆ ಹಳದಿ ನಕ್ಷತ್ರ ಚುಚ್ಚಬೇಡಿ

ಲೋಯಿಸ್ ಲೌರಿಯವರ ಮಕ್ಕಳ ಕಾದಂಬರಿ 'ನಂಬರ್ ದ ಸ್ಟಾರ್ಸ್' (ಎರಡನೇ ಮಹಾಯುದ್ಧದಲ್ಲಿ ನಾಜಿ ಜರ್ಮನಿ ಆಕ್ರಮಿಸಿದ್ದ ಡೆನ್ಮಾರ್ಕಿನಲ್ಲಿ ಯಹೂದಿ ಗೆಳತಿ ಎಲೆನ್‌ಳನ್ನು ಕಾಪಾಡುವ ಹುಡುಗಿ ಆನ್‌ಮರೀಯ ಕತೆ) ಪಾಠಕ್ಕೆಂದು ಶಿಕ್ಷಕರ ಗುಂಪಿನಲ್ಲಿ ಓಡಾಡುತ್ತಿರುವ ವರ್ಕ್‌ಶೀಟ್ ಈಗಷ್ಟೇ ನೋಡಿದೆ. ಸಿಟ್ಟು ಇನ್ನೂ ಇಳಿದಿಲ್ಲ. ನಾಜಿಗಳು ಯಹೂದಿಗಳ ಗುರುತಾಗಿ ಹೇರಿದ್ದಂಥ ಹಳದಿ ನಕ್ಷತ್ರವನ್ನು ಮಕ್ಕಳು ಕಾಗದದಲ್ಲಿ ಕತ್ತರಿಸಿ ಅಂಗಿಗೆ ಪಿನ್ ಹಾಕಿಕೊಳ್ಳಬೇಕಂತೆ. ಅರ್ಧ ತರಗತಿ ಯಹೂದಿಗಳು, ಉಳಿದರ್ಧ ಜರ್ಮನ್ ಸೈನಿಕರು.

ಮೊದಲಿಗೆ, ಇದು ಚರಿತ್ರೆಯೇ ಅಲ್ಲ. ಡೆನ್ಮಾರ್ಕಿನ ಯಹೂದಿಗಳ ಮೇಲೆ ಹಳದಿ ನಕ್ಷತ್ರ ಹೇರಲೇ ಇಲ್ಲ. ದೊರೆ ಹತ್ತನೇ ಕ್ರಿಶ್ಚಿಯನ್ ಕುದುರೆ ಏರಿ ಕೋಪನ್‌ಹೇಗನ್ ಬೀದಿಗಳಲ್ಲಿ ಸುತ್ತುತ್ತಿದ್ದದ್ದು ನಿಜ, ಯಹೂದಿಗಳ ಪರವಾಗಿ ತಾನೂ ನಕ್ಷತ್ರ ಧರಿಸಿದ್ದು ಕಟ್ಟುಕತೆ. ಕಾದಂಬರಿಯಲ್ಲಿರುವ ನಕ್ಷತ್ರ ಎಲೆನ್‌ಳ ಕತ್ತಿನ ಸರದ್ದು. ಸೈನಿಕರು ಕೋಣೆಗೆ ನುಗ್ಗುವ ಮುನ್ನ ಆನ್‌ಮರೀ ಅದನ್ನು ಕಿತ್ತು ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಅವರು ಹೋದ ಮೇಲೆ ನೋಡಿದರೆ ಅಂಗೈಯಲ್ಲಿ ಅದರ ಅಚ್ಚು ಮೂಡಿರುತ್ತದೆ. ಆ ಒಂದು ಪುಟವನ್ನು ನಿಧಾನವಾಗಿ, ಗಟ್ಟಿಯಾಗಿ ಓದಿ ಸಾಕು. ಕತ್ತರಿ ಯಾಕೆ?

'ಅನುಭವಿಸಿದರೆ ತಾನೇ ಮನಸ್ಸಿಗೆ ಇಳಿಯುವುದು' ಅನ್ನುತ್ತಾರೆ. ಇಳಿಯುವುದಿಲ್ಲ. ಇಪ್ಪತ್ತು ನಿಮಿಷ ಆಟವಾಡಿದ ಮಗು 'ಅವರಿಗೆ ಹೇಗಾಗಿತ್ತು ಅಂತ ನನಗೀಗ ಗೊತ್ತು' ಅಂದುಕೊಂಡು ಏಳುತ್ತದೆ; ಸೈನಿಕನಾದವನು ನಕ್ಕು ಏಳುತ್ತಾನೆ. ವಾಷಿಂಗ್ಟನ್ನಿನ ಹೋಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿ ನರಮೇಧ) ಮ್ಯೂಸಿಯಂ ಶಿಕ್ಷಕರಿಗೆ ಕೊಟ್ಟ ಮಾರ್ಗಸೂಚಿಯಲ್ಲೂ ಇಂಥ ಅಣಕು ಪ್ರಯೋಗ ಬೇಡ ಅಂತಲೇ ಇದೆ.

ಮಾಡಬೇಕಾದದ್ದು ಬೇರೆ. ಮೊದಲ ಅಧ್ಯಾಯಕ್ಕೆ ಮುಂಚೆ ನಕ್ಷೆ ಬಿಡಿಸಿ. ಕೋಪನ್‌ಹೇಗನ್, ಉತ್ತರಕ್ಕೆ ಮೀನುಗಾರರ ಊರು ಗಿಲ್ಲೆಲೈ, ಆಚೆ ದಡದಲ್ಲಿ ಯಹೂದಿಗಳು ದೋಣಿಯಲ್ಲಿ ತಪ್ಪಿಸಿಕೊಂಡು ಹೋದ ಸ್ವೀಡನ್. ನಡುವಿನ ಓರೆಸುಂಡ್ ಜಲಸಂಧಿ ತೀರಾ ಕಿರಿದಾದಲ್ಲಿ ಸುಮಾರು 4 ಕಿ.ಮೀ. ಇದು ಗೊತ್ತಿಲ್ಲದ ಮಗುವಿಗೆ ದೋಣಿಯೇ ಯಾಕೆ ಅನ್ನುವುದು ಅರ್ಥವಾಗುವುದಿಲ್ಲ. ಬೋರ್ಡಿನ ಮೂಲೆಯಲ್ಲಿ ಮೂರು ದಿನಾಂಕ ಪಾಠ ಮುಗಿಯುವವರೆಗೂ ಇರಲಿ: 1940ರ ಏಪ್ರಿಲ್ 9, ಜರ್ಮನಿಯ ಆಕ್ರಮಣ, 1943ರ ಆಗಸ್ಟ್ 29, ಜರ್ಮನ್ನರ ಕೈಗೆ ಸಿಗದಂತೆ ಡೇನರು ತಮ್ಮ ನೌಕಾಪಡೆಯನ್ನು ತಾವೇ ಮುಳುಗಿಸಿದ್ದು, 1943ರ ಅಕ್ಟೋಬರ್ 1, ಯಹೂದಿಗಳನ್ನು ಹಿಡಿಯಲು ಜರ್ಮನ್ನರು ಮನೆಮನೆಗೆ ನುಗ್ಗಿದ ರಾತ್ರಿ.

ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿಸಿ: ಲೇಖಕಿ ಕಲ್ಪಿಸಿದ್ದು, ನಿಜಕ್ಕೂ ನಡೆದದ್ದು. ಅಧ್ಯಾಯ ಮುಗಿದಂತೆ ತುಂಬಲಿ. ಆನ್‌ಮರೀ ಕಲ್ಪನೆ. ದೋಣಿಗಳನ್ನು ಶೋಧಿಸುವ ಸೈನಿಕರ ನಾಯಿಗಳ ಮೂಗು ಮಂಕಾಗಿಸುವ ಕರವಸ್ತ್ರವೂ ಕಲ್ಪನೆ ಅಂತ ಮಕ್ಕಳು ಬರೆದಿಡುತ್ತಾರೆ, ಬರೆಯಲಿ, ತಕ್ಷಣ ತಿದ್ದಬೇಡಿ. ಒಣಗಿದ ಮೊಲದ ರಕ್ತಕ್ಕೆ ಕೊಕೇನ್ ಬೆರೆಸಿದ ಆ ಕರವಸ್ತ್ರ ನಿಜವಾಗಿತ್ತು ಅಂತ ಲೇಖಕಿಯ ಹಿನ್ನುಡಿಯಲ್ಲಿ ಓದಿದಾಗ ಅವರೇ ಹೊಡೆದುಹಾಕಿ ಕಾಲಂ ಬದಲಿಸುತ್ತಾರೆ. 'ಪರೀಕ್ಷೆಗೆ ಬರಲ್ಲ' ಅಂತ ಹಿನ್ನುಡಿ ಬಿಟ್ಟುಬಿಡುವವರು ಪುಸ್ತಕದ ಅರ್ಧವನ್ನೇ ಬಿಟ್ಟಂತೆ.

ಇನ್ನೊಂದು ಅಪಾಯ, ಕತೆ ಸುಖಾಂತವಾಗಿ ಕಾಣುವುದು. ಸುಮಾರು 7,200 ಯಹೂದಿಗಳು ಸ್ವೀಡನ್ ಸೇರಿದರು, ಸರಿ. ಅದೇ ಗಿಲ್ಲೆಲೈ ಚರ್ಚಿನ ಅಟ್ಟದಲ್ಲಿ ಅಡಗಿದ್ದ ಸುಮಾರು 80 ಮಂದಿ ನಾಜಿ ಗುಪ್ತ ಪೊಲೀಸರಾದ ಗೆಸ್ಟಾಪೊ ಕೈಗೆ ಸಿಕ್ಕಿಬಿದ್ದರು. ಒಟ್ಟು 470ರಷ್ಟು ಜನರನ್ನು ನಾಜಿಗಳ ಥೆರೇಸಿಯನ್‌ಸ್ಟಾಟ್ ಸೆರೆಶಿಬಿರಕ್ಕೆ ಸಾಗಿಸಿದರು. ಡೆನ್ಮಾರ್ಕ್ ಅಪವಾದ, ಪೋಲೆಂಡಿನಲ್ಲಿ ಕೊಲ್ಲಲ್ಪಟ್ಟ ಯಹೂದಿಗಳು ಸುಮಾರು 30 ಲಕ್ಷ. ಹತ್ತು-ಹನ್ನೊಂದು ವರ್ಷದ ಮಕ್ಕಳಿಗೆ ಶವಗಳ ಫೋಟೊ ತೋರಿಸಬೇಕಿಲ್ಲ, ಆದರೆ ಈ ಸಂಖ್ಯೆಗಳನ್ನು ಮುಚ್ಚಿಡಲೂಬೇಡಿ. ಇದಕ್ಕೇ ಒಂದು ಪೂರ್ತಿ ಪೀರಿಯಡ್ ಎತ್ತಿಡಿ, ಮಕ್ಕಳು ಪ್ರಶ್ನೆ ಕೇಳುತ್ತಾರೆ.