ದಿನಕ್ಕೆ ಇಪ್ಪತ್ತೇಳು ಗಂಟೆಯ ಬಾಲ್ಯ

ಪ್ರಕೃತಿಯ ಮಡಿಲಿನ ಮಗು ಸಹಜವಾಗಿಯೇ ಸುಖಿ, ಅದನ್ನು ಕೆಡಿಸುವುದು ನಾಗರಿಕತೆ ಎಂದು 18ನೆಯ ಶತಮಾನದಲ್ಲಿ ತತ್ತ್ವಜ್ಞಾನಿ ರೂಸೋ ಸಾರಿದಾಗ (ತನ್ನ ಐದೂ ಮಕ್ಕಳನ್ನು ಅನಾಥಾಲಯಕ್ಕೆ ಒಪ್ಪಿಸಿದ ಮಹಾನುಭಾವ ಈತ), ಆ ತತ್ತ್ವದಿಂದ ಕೊಳವೆಬಾವಿಯ ನೀರನ್ನೂ ಎತ್ತಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ರಮ್ಯ ಕವಿಗಳು ಹಾಡಿ ಬಿಟ್ಟದ್ದನ್ನು ಯಂತ್ರಕ್ಕೆ ಜೋಡಿಸಿದ ಕೀರ್ತಿ ನಮ್ಮ ಕಾಲದ ಅಭಿವೃದ್ಧಿ ತಜ್ಞರದು.

ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ‘ಪ್ಲೇಪಂಪ್’ ಎಂಬ ಆ ಯಂತ್ರದಲ್ಲಿ ಮಕ್ಕಳು ಆಟದ ಚಕ್ರವನ್ನು ಗಿರಗಿರನೆ ತಿರುಗಿಸಿದರೆ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಡೀಸೆಲ್ಲಿಗೆ ದುಡ್ಡು ಕೊಡಬೇಕು, ವಿದ್ಯುತ್ತಿಗೆ ತಂತಿ ಎಳೆಯಬೇಕು. ಬಡವರ ಮಕ್ಕಳ ನಿಷ್ಕಲ್ಮಷ ನಗುವಿಗೆ ಇವೆರಡೂ ಬೇಡ. 2000ದಲ್ಲಿ ವಿಶ್ವಬ್ಯಾಂಕು ಇದಕ್ಕೆ ಪ್ರಶಸ್ತಿ ಕೊಟ್ಟಿತು. 2006ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಅಂದಿನ ಅಧ್ಯಕ್ಷರ ಪತ್ನಿ ಲಾರಾ ಬುಷ್ ಅವರು 1.64 ಕೋಟಿ ಡಾಲರುಗಳ ನೆರವನ್ನು ಘೋಷಿಸಿದರು. 2010ರೊಳಗೆ 4,000 ಪಂಪುಗಳು, ಪಂಪಿಗೆ 2,500ರಂತೆ ಒಂದು ಕೋಟಿ ಜನರಿಗೆ ನೀರು ಎಂಬುದು ಸಂಕಲ್ಪ.

ಕಾವ್ಯಕ್ಕೆ ಲೆಕ್ಕ ಹಿಡಿಯುವುದು ಅರಸಿಕತನವೇ ಸರಿ, ಆದರೂ 2009ರಲ್ಲಿ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆ ಆ ಕೆಲಸ ಮಾಡಿತು: ಗುರಿ ಮುಟ್ಟಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಬಿಡುವಿಲ್ಲದೆ ಆಡಬೇಕಾಗಿತ್ತು. ಬ್ರಿಟನ್ನಿನ 1833ರ ಕಾರ್ಖಾನೆ ಕಾಯ್ದೆಯು 9ರಿಂದ 13 ವರ್ಷದವರನ್ನು ಗಿರಣಿಗಳಲ್ಲಿ ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬಾರದೆಂದಿತು. ಆ ಗಿರಣಿ ಮಾಲೀಕರಿಗೆ ದುಡಿಮೆಯನ್ನು ಆಟವೆಂದು ಕರೆಯುವ ಉಪಾಯ ತೋಚಲಿಲ್ಲವೆಂಬುದೇ ಸೋಜಿಗ.

ಮಕ್ಕಳಾದರೋ ಸ್ವಲ್ಪ ಹೊತ್ತು ಆಡಿ, ಬೇಸರವಾದಾಗ ಎದ್ದು ಹೋದರು. ಆಮೇಲೆ ಆ ಭಾರದ ಚಕ್ರವನ್ನು ಬಗ್ಗಿ ನೂಕಿದವರು ನೀರಿಗೆ ಬಂದ ಹೆಂಗಸರು. ನಡುವಯಸ್ಸಿನ ತಾಯಂದಿರ ಏದುಸಿರಿಗೆ ರಮ್ಯ ಪಂಥದಲ್ಲಿ ಸ್ಥಾನವಿಲ್ಲದ ಕಾರಣ, ಪ್ರಚಾರದ ಚಿತ್ರಗಳಲ್ಲಿ ಮಕ್ಕಳೇ ನಗುತ್ತಿದ್ದರು. ಸಾಧಾರಣ ಕೈಪಂಪು ಇದರ ಕಾಲು ಭಾಗದ ಬೆಲೆಗೆ ಸಿಗುತ್ತಿತ್ತು, ನಿಜ. ಆದರೆ ಅದನ್ನು ನೋಡಿ ಯಾವ ದಾನಿಯ ಕಣ್ಣು ತೇವವಾದೀತು? ಹಾಗಾಗಿ ಚೆನ್ನಾಗಿಯೇ ನಡೆಯುತ್ತಿದ್ದ ಕೈಪಂಪನ್ನು ಕಿತ್ತು, ಅದೇ ಬಾವಿಯ ಮೇಲೆ ಚಕ್ರ ಕೂರಿಸಿದ್ದೂ ಉಂಟು. ಅದು ಕೆಟ್ಟರೆ ಊರಿನವರಿಂದ ರಿಪೇರಿ ಸಾಧ್ಯವಿರಲಿಲ್ಲ, ಹೊರಗಿನ ಮೆಕ್ಯಾನಿಕ್ಕಿಗಾಗಿ ಕಾಯಬೇಕಿತ್ತು. ಆ ಅವಧಿಯಲ್ಲಿ ಹೆಂಗಸರು ಕೊಡ ಹಿಡಿದು ದೂರದ ಹಳ್ಳಕ್ಕೆ ನಡೆದರೆ, ಅದನ್ನು ‘ಪ್ರಕೃತಿಯೊಡನೆ ಸಹಬಾಳ್ವೆ’ ಎಂಬ ಅಧ್ಯಾಯದಲ್ಲಿ ಸೇರಿಸಿಕೊಳ್ಳಲು ಮುಂದಿನ ವರದಿಯಲ್ಲಿ ಧಾರಾಳವಾಗಿ ಅವಕಾಶವಿದೆ.