ಮನ್ಯಾಗ ಕೇಳಿ ಹೇಳ್ತೀನಿ

ನಾನು ಗ್ರಾಮೀಣ ಹಿನ್ನೆಲೆಯ ಗಂಡಸು. ಕೊಪ್ಪಳ ಜಿಲ್ಲೆ, ಕಾರಟಗಿ ಕಡೆಯವನು. ಇದನ್ನು ಇಷ್ಟು ಜಂಬದಿಂದ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮಂಥವರ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ರಸ್ತೆ ಕೆಟ್ಟಿದೆ ಅಂತ ಅಲ್ಲ. ನಾಲೆಯ ಕೊನೆಯ ಗದ್ದೆಗೆ ನೀರು ಮುಟ್ಟುತ್ತಿಲ್ಲ ಅಂತಲೂ ಅಲ್ಲ. ನಮಗೆ ಹೆಂಗಸರ ಮಾತು ಕೇಳಿ ರೂಢಿ ಇಲ್ಲ ಅಂತ!

ಇದು 2020ರ ಫೆಬ್ರುವರಿ ಮಾತು. ಸೈನ್ಯದ ಮಹಿಳಾ ಅಧಿಕಾರಿಗಳು ನಮಗೂ ಗಂಡಸರ ಹಾಗೆ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗಿನ ನೌಕರಿ, ಕೊಡಿ, ಪಡೆಯ ಮುಖ್ಯಸ್ಥರಾಗಲು ಬಿಡಿ ಅಂತ ಕೋರ್ಟಿಗೆ ಹೋಗಿದ್ದರು. ಅದಕ್ಕೆ ಕೇಂದ್ರ ಸರ್ಕಾರ ಬರೆದು ಕೊಟ್ಟ ಉತ್ತರದ ಸಾರಾಂಶ ಇಷ್ಟು: ಜವಾನರು ಗಂಡಸರು, ಅದರಲ್ಲೂ ಹೆಚ್ಚಿನವರು ಹಳ್ಳಿಯಿಂದ ಬಂದವರು. ಅವರ ಸಮಾಜದ ರೀತಿ ರಿವಾಜು ಬೇರೆ. ಹೆಣ್ಣುಮಗಳು ಮೇಲೆ ಕೂತು ಆರ್ಡರ್ ಮಾಡಿದರೆ ಒಪ್ಪಿಕೊಳ್ಳುವಷ್ಟು ಅವರ ಮನಸ್ಸು ಇನ್ನೂ ತಯಾರಾಗಿಲ್ಲ.

ದಿಲ್ಲಿಯಲ್ಲಿ ಕೂತು ಇಷ್ಟು ದೊಡ್ಡ ಮಾತು ಬರೆಯುವ ಮುಂಚೆ ನಮ್ಮನ್ನೂ ಒಂದು ಸಲ ಕೇಳಬಹುದಿತ್ತು, ಅಲ್ವಾ? ಹೆಂಗಸಿನ ಆರ್ಡರ್ ಒಪ್ಪುತ್ತೀರೇನಪ್ಪಾ ಅಂತ. ನಮ್ಮೂರಿನ ಯಾವ ಗಂಡಸನ್ನು ಕೇಳಿದ್ದರೂ ಉತ್ತರ ಒಂದೇ ಇರುತ್ತಿತ್ತು: "ತಡೀರಿ, ಮನ್ಯಾಗ ಕೇಳಿ ಹೇಳ್ತೀನಿ."

ಗಂಗಾವತಿಯಿಂದ ಸಿಂಧನೂರಿನ ಕಡೆ ಹೋಗುವ ಬಸ್ಸನ್ನೇ ತೆಗೆದುಕೊಳ್ಳಿ. ಶಕ್ತಿ ಯೋಜನೆ ಬಂದ ಮೇಲೆ ದುಡ್ಡು ಕೊಟ್ಟು ನಿಂತುಕೊಂಡು ಹೋಗುವವರು ನಾವು ಗಂಡಸರೇ. ಮೊನ್ನೆ ಒಬ್ಬ ದೊಡ್ಡ ಮೀಸೆಯ ಯಜಮಾನರು ಬಾಗಿಲಲ್ಲಿ ಜೋತುಬಿದ್ದಿದ್ದರು. ಕಂಡಕ್ಟರ್ ಅಕ್ಕ ಟಿಕೆಟ್ ಮಷಿನ್‌ನಿಂದ ತಲೆ ಎತ್ತಲೇ ಇಲ್ಲ. "ಕಾಕಾ, ಮ್ಯಾಲ ಬರ್ರಿ. ಆ ಚೀಲ ಕಾಲಾಗ ಇಟ್ಕೋರಿ. ಚಿಲ್ಲರ ತಗದು ಕೈಯಾಗ ಹಿಡ್ಕೋರಿ." ಒಂದೇ ಉಸಿರಿಗೆ ಮೂರು ಆರ್ಡರ್. ಮೀಸೆ ಮೂರನ್ನೂ ಪಾಲಿಸಿತು. ಆಕೆ ರೈಟ್ ಅನ್ನುವವರೆಗೆ ಡ್ರೈವರ್ ಗಾಡಿ ಬಿಡಲಿಲ್ಲ. ಆತನೂ ಗ್ರಾಮೀಣ ಹಿನ್ನೆಲೆಯವನೇ, ಪಾಪ.

ಭತ್ತ ಹಚ್ಚುವ ದಿನಗಳಲ್ಲಂತೂ ನಮ್ಮ ಪಾಡು ಕೇಳಬೇಡಿ. ಎಕರೆಗೆ ಇಷ್ಟು ಅಂತ ಗುತ್ತಿಗೆ ಹಿಡಿದು ಹೆಂಗಸರ ಗುಂಪು ಬರುತ್ತದೆ. ಅದಕ್ಕೊಬ್ಬಳು ಮುಂದಾಳು. ಹೋದ ಸಲ ಬಂದಾಕೆಗೆ ಅರವತ್ತರ ಹತ್ತಿರ ಇರಬೇಕು. ನಾನು, ಅಂದರೆ ಪಹಣಿಯಲ್ಲಿ ಹೆಸರಿರುವ ಮಾಲೀಕ, ಬದುವಿನ ಮೇಲೆ ನಿಂತು ಸಸಿ ಕಟ್ಟು ಎಸೆಯುತ್ತಿದ್ದೆ. "ಏ, ನಾವು ಇಲ್ಲಿ ನಿಂತೀವಿ, ನೀ ಅಲ್ಲಿ ಒಗೀತಿ. ಕಣ್ಣು ಎಲ್ಲಿಟ್ಟಿ?" ಅಂದಳು. ಪಂಚೆ ಎತ್ತಿ ಕಟ್ಟಿ, ಕೆಸರಿಗೆ ಇಳಿದು, ಎಸೆದ ಕಟ್ಟನ್ನು ಎತ್ತಿ ತಂದು ಅವಳ ಕಾಲ ಹತ್ತಿರ ಇಟ್ಟೆ. ನನ್ನ ಮನಸ್ಸು ತಯಾರಾಗಿದೆಯೋ ಇಲ್ಲವೋ ಅಂತ ಆಕೆ ವಿಚಾರಿಸಲಿಲ್ಲ. ಮೊಣಕಾಲಿನವರೆಗೆ ಕೆಸರಲ್ಲಿ ನಿಂತು, ಬೆಳಿಗ್ಗೆ ಬಗ್ಗಿದ ಸೊಂಟ ಸಂಜೆ ಎತ್ತುವ ಜನ ಅವರು. ಹೆಣ್ಣುಮಕ್ಕಳ ಮೈ ತಾಕತ್ತಿನ ಬಗ್ಗೆಯೂ ಆ ಸರ್ಕಾರಿ ಕಾಗದದಲ್ಲಿ ಅನುಮಾನ ಇತ್ತು. ಬರೆದವರಿಗೆ ಅರ್ಧ ಎಕರೆ ಬಿಟ್ಟುಕೊಡಲು ನಾನು ಈಗಲೂ ತಯಾರಿದ್ದೇನೆ.

ಇದಕ್ಕಿಂತ ದೊಡ್ಡ ತಮಾಷೆ ಇದೆ. ಕೋರ್ಟಿನಲ್ಲಿ ಈ ವಾದ ಮಂಡಿಸುವ ಆರು ತಿಂಗಳ ಮುಂಚೆ, 2019ರ ಆಗಸ್ಟ್‌ನಲ್ಲಿ, ಅದೇ ಸೈನ್ಯ ನಮ್ಮ ಬೆಳಗಾವಿಯಲ್ಲಿ ಹುಡುಗಿಯರ ಭರ್ತಿ ನಡೆಸಿತ್ತು. ಮಿಲಿಟರಿ ಪೊಲೀಸ್‌ಗೆ. ಇಡೀ ದೇಶಕ್ಕೆ 100 ಹುದ್ದೆ, ಬಂದ ಅರ್ಜಿ ಸುಮಾರು 2 ಲಕ್ಷ. ಮೊದಲ 83 ಮಂದಿ 2021ರ ಮೇ 8ರಂದು ಬೆಂಗಳೂರಿನಲ್ಲಿ ತರಬೇತಿ ಮುಗಿಸಿದರು. ಮಿಲಿಟರಿ ಪೊಲೀಸರ ಕೆಲಸವೇ ಜವಾನರನ್ನು ಶಿಸ್ತಿನಲ್ಲಿ ಇಡುವುದು. ಅಂದರೆ ಹಳ್ಳಿ ಹುಡುಗ ಹೆಣ್ಣು ಕರ್ನಲ್ ಮಾತು ಕೇಳುವುದಿಲ್ಲ, ಹೆಣ್ಣು ಪೊಲೀಸ್ ಕೈ ಅಡ್ಡ ಹಿಡಿದರೆ ಮಾತ್ರ ಬ್ರೇಕ್ ಹಾಕುತ್ತಾನೆ. ಇನ್ನು ಮಿಲಿಟರಿ ಆಸ್ಪತ್ರೆಯ ಸಿಸ್ಟರ್‌ಗಳೂ ಅಧಿಕಾರಿ ದರ್ಜೆಯವರೇ. ಅವರು ಮಗ್ಗುಲಾಗು ಅಂದರೆ ಎಂಥ ಶೂರನೂ ಮಗ್ಗುಲಾಗುತ್ತಾನೆ. ಸೂಜಿ ಕಂಡಾಗ ಸಮಾಜದ ರಿವಾಜು ಯಾರಿಗೆ ನೆನಪಿರುತ್ತೆ!

2020ರ ಫೆಬ್ರುವರಿ 17ರಂದು ಕೋರ್ಟು ಈ ವಾದವನ್ನೆಲ್ಲ ತಳ್ಳಿಹಾಕಿತು. 2022ರಲ್ಲಿ ಸೈನ್ಯದ ಅಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ ಅಕಾಡೆಮಿಗೂ 19 ಹುಡುಗಿಯರು ಹೋದರು, 17 ಮಂದಿ 2025ರಲ್ಲಿ ಪಾಸಾಗಿ ಬಂದರು. ಪದಾತಿ ದಳ, ಟ್ಯಾಂಕು ಮಾತ್ರ ಇನ್ನೂ ಗಂಡಸರ ಕೈಯಲ್ಲೇ. ಅಲ್ಲಿನ ಜವಾನರು ಬಹುಶಃ ಇನ್ನೂ ಜಾಸ್ತಿ ಹಳ್ಳಿಯವರು.

ನಮ್ಮ ಆನೆಗೊಂದಿಯಲ್ಲಿ ಹೊಳೆ ದಾಟಿದರೆ ಹಂಪಿ. ಅಚ್ಯುತರಾಯನ ಕಾಲದಲ್ಲಿ ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ: ಅರಮನೆಯಲ್ಲಿ ಕುಸ್ತಿ ಆಡುವ ಹೆಂಗಸರಿದ್ದಾರೆ, ಲೆಕ್ಕ ಬರೆಯುವವರೂ ಹೆಂಗಸರು, ರಾತ್ರಿ ಕಾವಲು ಕಾಯುವವರೂ ಹೆಂಗಸರು. ರಾಯನಿಗೆ ಒಳ್ಳೆ ವಕೀಲರು ಸಿಕ್ಕಿರಲಿಲ್ಲ ಅಂತ ಕಾಣುತ್ತೆ. ಸುಮ್ನೆ ನಿದ್ದೆ ಮಾಡಿಬಿಟ್ಟ.

ಈಗ ನಮ್ಮ ಓಣಿಯ ಹುಡುಗಿಯೊಬ್ಬಳು ಅಗ್ನಿವೀರ್‌ಗೆ, ಅಂದರೆ ಸೈನ್ಯದ ನಾಲ್ಕು ವರ್ಷದ ನೌಕರಿಗೆ, ತಯಾರಿ ನಡೆಸಿದ್ದಾಳೆ. ಎತ್ತರ 162 ಸೆಂಟಿಮೀಟರ್ ಬೇಕು. ಮನೆಯ ಅಡುಗೆಕೋಣೆ ಬಾಗಿಲಿಗೆ ಅವಳಪ್ಪ ಪೆನ್ಸಿಲ್ ಗೀಟು ಹಾಕಿದ್ದಾನೆ, ಅದನ್ನು ದಾಟಿದ್ದಾಳೆ. 1,600 ಮೀಟರನ್ನು 7 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ ಮೊದಲ ಗುಂಪು. ದಿನಾ ಬೆಳಿಗ್ಗೆ ಎಡದಂಡೆ ನಾಲೆಯ ದಾರಿಯಲ್ಲಿ ಅವಳು ಓಡುತ್ತಾಳೆ, ಹಿಂದೆ ಟಿವಿಎಸ್ ಮೇಲೆ ಅಪ್ಪ.

ಇದು ನಮ್ಮ ದೊಡ್ಡಪ್ಪನಿಗೆ ಸರಿ ಬಂದಿಲ್ಲ. ಅವರ ಮಗನಿಗೆ ಮೂವತ್ತನಾಲ್ಕು, ಮೂರು ಜಿಲ್ಲೆ ತಿರುಗಿದರೂ ಕನ್ಯಾ ಸಿಕ್ಕಿಲ್ಲ. ಆದರೂ ಚಹಾದಂಗಡಿ ಕಟ್ಟೆಯ ಮೇಲೆ ಕೂತು, "ಮಿಲ್ಟ್ರಿಗೆ ಹೋದ ಹುಡುಗೀನ ಯಾರು ಮಾಡ್ಕೋತಾರ?" ಅಂತ ಚಿಂತೆ ಮಾಡುತ್ತಾರೆ. ನಾಲ್ಕು ವರ್ಷ ಮದುವೆ ಆಗುವ ಹಾಗಿಲ್ಲ ಅಂತ ಕೇಳಿ ಇನ್ನಷ್ಟು ಕಂಗಾಲಾದರು. ನಾಲ್ಕರಲ್ಲಿ ಒಬ್ಬರನ್ನಷ್ಟೇ ಮುಂದಕ್ಕೆ ಇಟ್ಟುಕೊಳ್ಳುತ್ತಾರೆ, ಉಳಿದವರಿಗೆ ಸುಮಾರು 11.71 ಲಕ್ಷ ಕೊಟ್ಟು ಕಳಿಸುತ್ತಾರೆ ಅಂತ ನಾನು ಹೇಳಿದಾಗ ಬಾಯಿಗೆ ಹೋಗುತ್ತಿದ್ದ ಬಸಿ ನಿಂತಿತು.

"ಅಷ್ಟು ರೊಕ್ಕ ಯಾರ ಕೈಯಾಗ ಕೊಡ್ತಾರ?"

"ಹುಡುಗಿ ಅಕೌಂಟಿಗೆ, ದೊಡ್ಡಪ್ಪ."

"ಹಂಗಾ," ಅಂದರು. ಚಹಾ ಮುಂದುವರಿಯಿತು.

ಮರುದಿನ ಬೆಳಿಗ್ಗೆ ಐದೂವರೆಗೆ ನಾನೂ ನಾಲೆ ಕಡೆ ಹೋಗಿದ್ದೆ. ದೊಡ್ಡಪ್ಪ ಎರಡು ಎಮ್ಮೆ ಹೊಡೆದುಕೊಂಡು ದಾರಿ ತುಂಬ ಬರುತ್ತಿದ್ದರು. ಎದುರಿನಿಂದ ಹುಡುಗಿ. ಕೊನೆಯ ಇನ್ನೂರು ಮೀಟರ್, ಮಾತಾಡಲು ಉಸಿರಿಲ್ಲ. ದೂರದಿಂದಲೇ ಕೂಗಿದಳು: "ದೊಡ್ಡಪ್ಪಾ, ಎಮ್ಮಿ ಸರಸ್ರಿ!"

ದೊಡ್ಡಪ್ಪ ಎಮ್ಮೆಗಳನ್ನು ಇಳಿಜಾರಿಗೆ ತಳ್ಳಿದರು. ಗಡಿಬಿಡಿಯಲ್ಲಿ ತಾವೂ ಇಳಿದು ಜಾಲಿಗಿಡದ ಪಕ್ಕ ನೆಟ್ಟಗೆ ನಿಂತರು. ಹುಡುಗಿ ದಾಟಿಹೋದಳು. ಟಿವಿಎಸ್ ನಿಲ್ಲಿಸಿ ಅವಳಪ್ಪ ಮೊಬೈಲ್ ನೋಡಿದ. 7 ನಿಮಿಷ 34 ಸೆಕೆಂಡ್.

"ನಾಕು ಸೆಕೆಂಡ್ ಎಮ್ಮಿ ಲೆಕ್ಕದಾಗ ಹಾಕಪಾ," ಅಂದರು ದೊಡ್ಡಪ್ಪ, ಜಾಲಿಮುಳ್ಳು ಕೀಳುತ್ತಾ.