ನಿಂಬೆಹಣ್ಣು ಯಾವ ಚಕ್ರಕ್ಕೆ?

ಹೆಪ್ಪುಗಟ್ಟಿಸಿದ ಪ್ರೋಟೀನಿನ ರೂಪವನ್ನು ಚಿತ್ರ ತೆಗೆದು ತೋರಿಸುವ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಗುಟ್ಟೆಲ್ಲ ಇರುವುದು ಆತುರದಲ್ಲಿ. ಪ್ರೋಟೀನ್ ತೇಲುವ ನೀರಿನ ತೆಳುಪೊರೆಯನ್ನು ದ್ರವ ಈಥೇನಿಗೆ ತಟಕ್ಕನೆ ಅದ್ದಬೇಕು. ಕಣ್ಣು ಮಿಟುಕಿಸುವುದರೊಳಗೆ ಅದು ಹೆಪ್ಪುಗಟ್ಟಿ ಗಾಜಿನಂತಾಗಬೇಕು. ತಡವಾಯಿತೋ, ಹರಳು ಕಟ್ಟಿತು, ಮಾದರಿ ಕೆಟ್ಟಿತು. ಈ ಉಪಾಯಕ್ಕಾಗಿ ಸ್ವಿಸ್ ವಿಜ್ಞಾನಿ ಜಾಕ್ ದುಬೊಶೆ ಅವರಿಗೆ 2017ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಪಾಪ, ಅವರು ನಮ್ಮ ವಿಶ್ವವಿದ್ಯಾಲಯದ ಹಣಕಾಸು ವಿಭಾಗ ನೋಡಿರಲಿಲ್ಲ. ಇಲ್ಲಿ ಈಥೇನೂ ಬೇಡ, ನೈಟ್ರೋಜನ್ನೂ ಬೇಡ. ಏಪ್ರಿಲ್ ಬಿಸಿಲಲ್ಲಿ, ತಿರುಗುವ ಫ್ಯಾನಿನ ಕೆಳಗೇ ಕಡತಗಳು ಹೆಪ್ಪುಗಟ್ಟುತ್ತವೆ. ನಿಧಾನವಾಗಿ, ಹರಳುಹರಳಾಗಿ.

ಕೊರೊನಾ ವೈರಸ್ಸಿನ ಮುಳ್ಳು ಹೇಗಿದೆ ಎಂದು ಫೆಬ್ರವರಿ 2020ರಲ್ಲೇ ಜಗತ್ತಿಗೆ ತೋರಿಸಿದ್ದು ಇಂಥದೇ ಯಂತ್ರ. ಅದೇ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ, 200 ಕೋಟಿಯೊಳಗಿನ ಖರೀದಿಗೆ ಜಾಗತಿಕ ಟೆಂಡರ್ ಕೂಡದು ಎಂದಿತು. ಸ್ವದೇಶಿ ಎಂದರೆ ನಮಗೂ ಅಭಿಮಾನವೇ. ಆದರೆ 300 ಕಿಲೋವೋಲ್ಟಿನ ಈ ಯಂತ್ರ ಮಾಡುವವರು ಲೋಕದಲ್ಲೇ ಬೆರಳೆಣಿಕೆ, ಪೀಣ್ಯದಲ್ಲಿ ಹುಡುಕಿದರೆ ಸಿಕ್ಕೀತೆ? ಬೇಕಾದವರು ವಿನಾಯಿತಿಗೆ ದೆಹಲಿಯ ಬಾಗಿಲು ಕಾಯ್ದರು. 2022ರ ಜುಲೈನಲ್ಲಿ ಸಂಶೋಧನಾ ಉಪಕರಣಗಳಿಗಿದ್ದ 5 ಶೇಕಡಾ ಜಿಎಸ್‌ಟಿ ರಿಯಾಯಿತಿಯೂ ಹೋಗಿ 18 ಆಯಿತು. ಕೊಟ್ಟ ಅನುದಾನ ಖರ್ಚಾಗದೆ, ತವರು ಬಿಟ್ಟಿರಲಾರದೆ ವಾಪಸ್ ಓಡಿತು. 2025ರ ಜೂನ್‌ನಲ್ಲಿ ನಿಯಮ ಸಡಿಲಾಗಿ, ಜಾಗತಿಕ ಟೆಂಡರಿಗೆ ಕುಲಪತಿಗಳೇ ಒಪ್ಪಿಗೆ ಕೊಡಬಹುದು ಎಂದಾಯಿತು. ಒಳ್ಳೆಯದೇ. ಇನ್ನು ಕಡತ ದೆಹಲಿಯಲ್ಲಿ ನಿಲ್ಲಬೇಕಿಲ್ಲ, ಊರಲ್ಲೇ ನಿಲ್ಲಬಹುದು.

ಯಂತ್ರ ಬಂದೇಬಿಟ್ಟಿತು ಎನ್ನಿ. ಮಾದರಿಯನ್ನು ತಣ್ಣಗಿಡಲು ಹಗಲೂ ರಾತ್ರಿ ದ್ರವ ನೈಟ್ರೋಜನ್ ಬೇಕು, ಮೈನಸ್ 196 ಡಿಗ್ರಿಯದು. ಲೆಕ್ಕ ತಪಾಸಣೆಯವರು ಕನ್ನಡಕ ಏರಿಸುತ್ತಾರೆ:

“ನೈಟ್ರೋಜನ್ ಗಾಳಿಯಲ್ಲೇ 78 ಪಾಲು ಇದೆಯಲ್ಲ ಮೇಷ್ಟ್ರೇ, ಅದಕ್ಕೂ ಬಿಲ್ಲೇ?”

ಯಂತ್ರ ನಡೆಸುವವನು ಹನ್ನೊಂದು ತಿಂಗಳ ಗುತ್ತಿಗೆಯವನು. ಕೈ ಪಳಗುವ ಹೊತ್ತಿಗೆ ಬೀಳ್ಕೊಡುಗೆ. ಸಣ್ಣ ಕಂಪನಕ್ಕೂ ಚಿತ್ರ ಮಸುಕಾಗುತ್ತದೆಂದು ಗೋಡೆಗೆ ‘ನಿಶ್ಶಬ್ದ’ ಫಲಕ ಹಾಕಿದ್ದಾರೆ. ಫಲಕದ ಆಚೆ ಹೊಸ ಅತಿಥಿಗೃಹಕ್ಕೆ ಕೊಳವೆಬಾವಿ ಕೊರೆಯುತ್ತಿದ್ದಾರೆ.

ಆಯುಧ ಪೂಜೆಗೆ ಮಾತ್ರ ಕೊಠಡಿ ತಪ್ಪದೆ ತೆರೆಯುತ್ತದೆ. ಬಾಳೆಕಂದು, ಚೆಂಡುಹೂವು, ವಿಭೂತಿಯ ಮೂರು ಪಟ್ಟೆ. ಕಳೆದ ಸಲ ಬೂದುಗುಂಬಳ ಒಡೆದದ್ದೂ ಆಯಿತು, ಮಂಗಳಾರತಿಯೂ ಆಯಿತು. ಅಟೆಂಡರ್ ಮಾತ್ರ ಯಂತ್ರದ ಸುತ್ತ ಮೂರು ಸಲ ಬಗ್ಗಿ ನೋಡಿ, ಕೈಯಲ್ಲಿ ನಾಲ್ಕು ನಿಂಬೆಹಣ್ಣು ಹಿಡಿದು ನಿಂತಿದ್ದ:

“ಸಾರ್, ಇದರ ಚಕ್ರ ಎಲ್ಲಿ?”